ಹೆಂಚಿನವನು ಕೇಳಿದ ಕ್ಷೇಮಸಮಾಚಾರ

ನಮ್ಮ ಹಿರಿಯರ ಕಾಗದಗಳೆಲ್ಲ ಒಂದೇ ರೀತಿ ಶುರುವಾಗುತ್ತಿದ್ದವು. ಇತ್ತ ನಾವೆಲ್ಲ ಕ್ಷೇಮ, ಅತ್ತ ನಿಮ್ಮ ಕ್ಷೇಮಸಮಾಚಾರಕ್ಕೆ ಬರೆಯುತ್ತಿರುವುದು. ಇನ್ನೂ ಹಳಬರಾದರೆ 'ಉಭಯಕುಶಲೋಪರಿ' ಎಂದು ಒಂದೇ ಪದದಲ್ಲಿ ಮುಗಿಸುತ್ತಿದ್ದರು. ಓದುವವರ ಕಣ್ಣು ಆ ಸಾಲನ್ನು ಹಾರಿ ನೇರ ವಿಷಯಕ್ಕೆ ಹೋಗುತ್ತಿತ್ತು. ಆದರೆ ಊರಿಗೆ ಊರೇ ಗಾಳಿಗೆ ಸಿಕ್ಕಿ ನೆಲಕಚ್ಚಿದ ಮರುದಿನ ಆ ಒಂದು ಸಾಲೇ ಇಡೀ ಕಾಗದವಾಗುತ್ತದೆ. ಇದ್ದೀರಾ? ಇದ್ದೇವೆ. ಬೇರೆ ಯಾವ ಸುದ್ದಿಗೂ ಅಷ್ಟು ತೂಕವಿರುವುದಿಲ್ಲ.

ಒಂದು ದೇಶಕ್ಕೆಲ್ಲ ಈ ಪ್ರಶ್ನೆಯನ್ನು ಪತ್ರಿಕೆಯ ಮೂಲಕ ಕೇಳಿದ ಒಬ್ಬ ಮನುಷ್ಯನಿದ್ದ. ಕೇಳಿದ್ದು 1703ರ ಡಿಸೆಂಬರಿನಲ್ಲಿ, ಲಂಡನ್ನಿನಲ್ಲಿ. ಅವನ ಕಸುಬು ಇಟ್ಟಿಗೆ ಮತ್ತು ಹೆಂಚು ಸುಡಿಸುವುದು. ಜೊತೆಗೆ ಬರೆಯುತ್ತಲೂ ಇದ್ದ. ಮುಂದೆ 1719ರಲ್ಲಿ ಬಂದ 'ರಾಬಿನ್‌ಸನ್ ಕ್ರೂಸೋ' ಕಾದಂಬರಿಯಿಂದ ಜಗತ್ತೆಲ್ಲ ಅವನನ್ನು ಅರಿಯಿತು. ಆದರೆ ಡೇನಿಯಲ್ ಡಿಫೋ ಬಿರುಗಾಳಿಗೆ ಸಿಕ್ಕ ಹಡಗಿನ ಕಥೆ ಕಟ್ಟುವುದಕ್ಕೆ ಹದಿನೈದು ವರ್ಷ ಮೊದಲೇ ಒಂದು ನಿಜವಾದ ಬಿರುಗಾಳಿಯ ಲೆಕ್ಕ ಬರೆದಿದ್ದ ಎಂಬುದು ಅಷ್ಟಾಗಿ ಯಾರ ನೆನಪಿನಲ್ಲೂ ಇಲ್ಲ.

ಆ ಗಾಳಿ ಬೀಸಿದ್ದು ಆಗಿನ ಇಂಗ್ಲೆಂಡಿನ ಪಂಚಾಂಗದ ಪ್ರಕಾರ 1703ರ ನವೆಂಬರ್ 26ರ ಶುಕ್ರವಾರ ರಾತ್ರಿ. ಈಗಿನ ಲೆಕ್ಕಕ್ಕೆ ಅದು ಡಿಸೆಂಬರ್ 7. ಅಟ್ಲಾಂಟಿಕ್ ಕಡೆಯಿಂದ ಬಂದ ಚಂಡಮಾರುತ ವೇಲ್ಸ್ ಮತ್ತು ದಕ್ಷಿಣ ಇಂಗ್ಲೆಂಡಿನ ಮೇಲೆ ಹಾದುಹೋಯಿತು. ಅದಕ್ಕೂ ಮೊದಲೇ ಸುಮಾರು ಎರಡು ವಾರ ಗಾಳಿ ಜೋರಾಗಿಯೇ ಇತ್ತು. ಶುಕ್ರವಾರ ರಾತ್ರಿ ಹತ್ತರ ಹೊತ್ತಿಗೆ ಡಿಫೋ ಮನೆಯ ಬ್ಯಾರೋಮೀಟರ್ ನೋಡಿದ. ಪಾದರಸ ಎಷ್ಟು ಕೆಳಗೆ ಇಳಿದಿತ್ತೆಂದರೆ, ಮಕ್ಕಳು ಯಾರೋ ಕೊಳವೆಯನ್ನು ಮುಟ್ಟಿ ಕೆಡಿಸಿರಬೇಕು ಎಂದುಕೊಂಡ. ಮಕ್ಕಳ ತಪ್ಪೇನೂ ಇರಲಿಲ್ಲ. ಮಧ್ಯರಾತ್ರಿಯ ನಂತರ ಲಂಡನ್ನಿನ ಚಿಮಣಿಗಳು ಒಂದೊಂದಾಗಿ ಮನೆಗಳ ಮೇಲೆ ಉರುಳತೊಡಗಿದವು.

ಪಕ್ಕದ ಮನೆಗಳ ಮೇಲೆ ಚಿಮಣಿ ಬಿದ್ದ ಹೊಡೆತಕ್ಕೆ ಡಿಫೋ ಇದ್ದ ಮನೆಯೂ ನಡುಗಿತು. ಮನೆಯವರೆಲ್ಲ ಹೊರಗಿನ ತೋಟಕ್ಕೆ ಓಡೋಣವೆಂದು ಬಾಗಿಲು ತೆಗೆದರು. ಹೊರಗಿನದನ್ನು ನೋಡಿ ಮತ್ತೆ ಒಳಗೇ ಉಳಿದರು. ಹೊರಗೆ ಹೆಂಚುಗಳು ಹಾರುತ್ತಿದ್ದವು. ಬೀಳುತ್ತಿದ್ದವು ಎಂದರೆ ಸಾಲದು. ಭಾರಕ್ಕೆ ನೇರ ಕೆಳಗೆ ಬರಬೇಕಾದ ಹೆಂಚು ಬಂದೂಕಿನ ಗುಂಡಿನಂತೆ ಅಡ್ಡಕ್ಕೆ ಬರುತ್ತಿತ್ತು. ಅಗಲವಾದ ಬೀದಿಯ ಈಚೆ ಬದಿಯ ಹೆಂಚಿನ ಚೂರು ಆಚೆ ಬದಿಯ ಕಿಟಕಿ ಒಡೆಯುತ್ತಿತ್ತು. 30–40 ಗಜ ದೂರ ಹಾರಿದ ಹೆಂಚು ಗಟ್ಟಿ ನೆಲದೊಳಗೆ 5ರಿಂದ 8 ಅಂಗುಲ ನಾಟಿಕೊಂಡಿದ್ದನ್ನು ತಾನೇ ಕಂಡೆ ಎಂದು ಅವನು ಬರೆದ. ಹೆಂಚಿನ ತೂಕ, ದಪ್ಪ, ಅದು ಒಡೆಯುವ ಬಗೆ ಎಲ್ಲ ಬಲ್ಲ ಕಸುಬುದಾರನ ಕಣ್ಣು ಇದು. ಬೇರೆಯವರಾಗಿದ್ದರೆ ಭಯಂಕರ ಗಾಳಿ ಎಂದು ಬರೆದು ಸುಮ್ಮನಾಗುತ್ತಿದ್ದರು. ಇವನು ಅಂಗುಲ ಅಳೆದ.

ಆ ಹೊತ್ತಿಗೆ ಈ ಹೆಂಚಿನವನ ಸ್ಥಿತಿ ಹೇಗಿತ್ತು ಎಂಬುದನ್ನೂ ತಿಳಿಯಬೇಕು. ಥೇಮ್ಸ್ ನದಿ ಸಮುದ್ರದ ಕಡೆಗೆ ಅಗಲವಾಗುವ ಟಿಲ್ಬರಿಯ ಜೌಗುನೆಲದಲ್ಲಿ ಅವನದೊಂದು ಇಟ್ಟಿಗೆ-ಹೆಂಚಿನ ಕಾರ್ಖಾನೆ ಇತ್ತು. ಇಂಗ್ಲೆಂಡಿನವರು ಹಾಲೆಂಡಿನಿಂದ ತರಿಸಿಕೊಳ್ಳುತ್ತಿದ್ದ ಬಾಗು ಹೆಂಚನ್ನು ಅಲ್ಲೇ ಸುಡಿಸಿ ಮಾರುವುದು ಅವನ ಲೆಕ್ಕಾಚಾರ. ನೂರು ಬಡ ಕುಟುಂಬಗಳಿಗೆ ಅಲ್ಲಿ ಕೆಲಸ ಕೊಟ್ಟಿದ್ದೆ ಎಂದು ಮುಂದೆ ಹೇಳಿಕೊಂಡ. 1702ರ ಕೊನೆಯಲ್ಲಿ ಧರ್ಮದ ವಿಚಾರದಲ್ಲಿ ಅಧಿಕಾರಸ್ಥರನ್ನು ಅಣಕಿಸಿ ಒಂದು ಕಿರುಹೊತ್ತಗೆ ಬರೆದು ಸಿಕ್ಕಿಬಿದ್ದ. 1703ರ ಜುಲೈ ಕೊನೆಯ ಮೂರು ದಿನ ಅವನ ಕತ್ತು ಮತ್ತು ಕೈಗಳನ್ನು ಹಲಗೆಯ ತೂತಿಗೆ ಸಿಕ್ಕಿಸಿ ಲಂಡನ್ನಿನ ಬೀದಿಗಳಲ್ಲಿ ನಿಲ್ಲಿಸಿದರು. ನಂತರ ನ್ಯೂಗೇಟ್ ಜೈಲು. ರಾಜಕಾರಣಿ ರಾಬರ್ಟ್ ಹಾರ್ಲಿಯ ನೆರವಿನಿಂದ ನವೆಂಬರಿನಲ್ಲಿ ಹೊರಬಂದಾಗ ಯಜಮಾನನಿಲ್ಲದ ಕಾರ್ಖಾನೆ ಹಾಳಾಗಿತ್ತು. ಮೂರು ಸಾವಿರ ಪೌಂಡಿಗೂ ಮೇಲ್ಪಟ್ಟು ಕಳೆದುಕೊಂಡೆ ಎಂಬುದು ಅವನದೇ ಲೆಕ್ಕ. ಹೆಂಡತಿ, ಮನೆ ತುಂಬ ಮಕ್ಕಳು, ತಲೆಯ ಮೇಲೆ ಸಾಲ. ಬಿಡುಗಡೆಯಾಗಿ ಕೆಲವೇ ವಾರಗಳಲ್ಲಿ ಇಂಗ್ಲೆಂಡಿನ ಮಾಡುಗಳೆಲ್ಲ ಹಾರಿಹೋದವು.

ಇದಕ್ಕಿಂತ ದೊಡ್ಡ ವಿಪರ್ಯಾಸ ಕಥೆ ಕಟ್ಟುವವನಿಗೂ ಹೊಳೆಯಲಾರದು. ಬಿರುಗಾಳಿಯ ನಂತರ ಲಂಡನ್ನಿನಲ್ಲಿ ಸಾದಾ ಹೆಂಚಿನ ಬೆಲೆ ಸಾವಿರಕ್ಕೆ 21 ಶಿಲಿಂಗ್ ಇದ್ದದ್ದು 6 ಪೌಂಡಿಗೆ ಏರಿತು. ಪೌಂಡಿಗೆ 20 ಶಿಲಿಂಗ್, ಅಂದರೆ ಹತ್ತಿರ ಹತ್ತಿರ ಆರು ಪಟ್ಟು. ಟಿಲ್ಬರಿಯಲ್ಲಿ ಅವನು ಸುಡಿಸುತ್ತಿದ್ದ ಬಾಗು ಹೆಂಚು ಸಾವಿರಕ್ಕೆ 50 ಶಿಲಿಂಗಿನಿಂದ 10 ಪೌಂಡಿಗೆ ಹೋಯಿತು. ಗಾರೆಯವರ ದಿನಗೂಲಿ 5 ಶಿಲಿಂಗ್ ಮುಟ್ಟಿತು. ಈ ಅಂಕಿಗಳನ್ನು ನಮಗೆ ಉಳಿಸಿಕೊಟ್ಟವನು ಡಿಫೋನೇ. ತನ್ನ ಗೂಡಿನ ಬೆಂಕಿ ಆರಿಹೋಗಿದ್ದಾಗ ತನ್ನ ಸರಕಿನ ಬೆಲೆ ನಾಲ್ಕು ಪಟ್ಟಾದದ್ದನ್ನು ಅವನು ಕುಳಿತು ಬರೆದ. ಆ ಸಾಲುಗಳಲ್ಲಿ ತನ್ನ ಕಾರ್ಖಾನೆಯ ಪ್ರಸ್ತಾಪವನ್ನೇ ಮಾಡಲಿಲ್ಲ.

ಬೆಲೆ ಆಮೇಲೆ ಇಳಿಯಿತು. ಯಾಕೆ ಇಳಿಯಿತು ಎಂಬುದಕ್ಕೆ ಅವನು ಕೊಡುವ ಕಾರಣ ಇಡೀ ಪುಸ್ತಕದಲ್ಲೇ ಬಹಳ ಮುಖ್ಯವಾದ ಮಾತು ಎಂದು ನನಗನ್ನಿಸುತ್ತದೆ. ಹೆಂಚು ಬೇಕಾದಷ್ಟು ಬಂತು ಎಂದು ಬೆಲೆ ಇಳಿಯಲಿಲ್ಲ. ಕೊಳ್ಳುವ ಶಕ್ತಿ ಇಲ್ಲದೆ ಜನ ಕೈಬಿಟ್ಟದ್ದರಿಂದ ಇಳಿಯಿತು. ಮನೆಯ ಒಡೆಯನೂ ಸುಮ್ಮನಾದ, ಬಾಡಿಗೆಯವನೂ ಸುಮ್ಮನಾದ. ಎಷ್ಟೋ ಮನೆಗಳು ತಿಂಗಳುಗಟ್ಟಲೆ ಮಾಡಿಲ್ಲದೆ ನಿಂತವು. ಕೆಲವರು ಮರದ ಹಲಗೆ ಹೊದಿಸಿ ಮಳೆಗಾಲ ದೂಡಿದರು. ಹಸಿ ಇಟ್ಟಿಗೆ ಒಣಗಬೇಕಾದರೆ ಬಿಸಿಲು ಬೇಕು, ಇಂಗ್ಲೆಂಡಿನ ಚಳಿಗಾಲದಲ್ಲಿ ಗೂಡು ಹೊತ್ತಿಸಲಾಗದು ಎಂಬುದು ಕಸುಬು ಗೊತ್ತಿದ್ದವನಿಗೆ ತಿಳಿದ ವಿಷಯ. ಮುಂದಿನ ಬೇಸಿಗೆ ಪೂರ್ತಿ ಸುಟ್ಟರೂ ಬೇಕಾದಷ್ಟು ಹೆಂಚಾಗದು ಎಂದು ಅವನು ಅಂದಾಜು ಮಾಡಿದ. ದುರಂತದ ನಂತರ ಪೇಟೆಯ ಧಾರಣೆ ಇಳಿದರೆ ಜನ ಚೇತರಿಸಿಕೊಂಡರು ಎಂದು ಅರ್ಥವಲ್ಲ, ಸೋತು ಕುಳಿತರು ಎಂದೂ ಆಗಬಹುದು. ಮೂರು ಶತಮಾನದ ಹಿಂದೆ ಒಬ್ಬ ದಿವಾಳಿ ಹೆಂಚಿನವನು ಇದನ್ನು ಕಂಡುಕೊಂಡಿದ್ದ.

ಗಾಳಿ ನಿಂತು ಒಂದು ವಾರ ಆಗುವಷ್ಟರಲ್ಲಿ ಪತ್ರಿಕೆಯಲ್ಲಿ ಜಾಹೀರಾತು ಬಂತು. 'ಡೈಲಿ ಕುರಾಂಟ್' ಮತ್ತು 'ಲಂಡನ್ ಗೆಜೆಟ್' ಎರಡರಲ್ಲೂ ಅದು ಪ್ರಕಟವಾಯಿತು. ಬಿರುಗಾಳಿಯ ನೆನಪನ್ನು ಉಳಿಸಲು ಒಂದು ಸಂಗ್ರಹ ತಯಾರಾಗುತ್ತಿದೆ, ನಿಮ್ಮ ಊರಿನಲ್ಲಿ ಏನಾಯಿತು ಎಂದು ಬರೆದು ಕಳಿಸಿ ಎಂಬುದು ಅದರ ಸಾರ. ವಿಳಾಸ ಪ್ರಕಾಶಕನದು. ಪಾದ್ರಿಗಳು, ಹಳ್ಳಿಯ ಗಣ್ಯರು, ನಾವಿಕರು ಬರೆದರು. ಸುಮಾರು 60 ಪತ್ರಗಳು 1704ರ ಬೇಸಿಗೆಯಲ್ಲಿ 'ದಿ ಸ್ಟಾರ್ಮ್' ಎಂಬ ಹೆಸರಿನಲ್ಲಿ ಪುಸ್ತಕವಾಗಿ ಬಂದವು. ಪುಸ್ತಕ ಮಾರಿ ನಾಲ್ಕು ಕಾಸು ಮಾಡಬೇಕೆಂಬ ಆಸೆ ಅವನಿಗೆ ಇದ್ದೇ ಇತ್ತು. ಸಾಲದವನು ಪುಣ್ಯಕ್ಕಾಗಿ ಬರೆಯುವುದಿಲ್ಲ. ಬಿರುಗಾಳಿ ದೇವರ ಕೋಪ ಎಂದು ಆ ಕಾಲದ ಎಲ್ಲರಂತೆ ಅವನೂ ನಂಬಿದ್ದ. ಆದರೆ ದೇವರ ಕೋಪದ ಬಗ್ಗೆ ಉಪದೇಶ ಮಾಡುವುದಷ್ಟೇ ಸಾಕೆಂದು ಅವನಿಗೆ ಅನಿಸಲಿಲ್ಲ. ನಿಮ್ಮ ಮನೆ ನಿಂತಿದೆಯೇ, ನಿಮ್ಮವರು ಯಾರಾದರೂ ಹೋದರೇ, ನಿಮ್ಮ ಊರಿನ ಗಾಳಿಗಿರಣಿ ಏನಾಯಿತು ಎಂದು ಕೇಳಿದ. ಸುಮ್ಮನೆ ಕುಳಿತೂ ಇರಲಿಲ್ಲ. ಥೇಮ್ಸ್ ನದಿಯಲ್ಲಿ ಲಂಗರು ಕಿತ್ತು ಒಂದರ ಮೇಲೊಂದು ರಾಶಿಯಾಗಿ ಬಿದ್ದಿದ್ದ ಹತ್ತಿರ ಹತ್ತಿರ 700 ಹಡಗುಗಳನ್ನು ಹೋಗಿ ನೋಡಿದ. ಕೆಂಟ್ ಸೀಮೆಯಲ್ಲಿ ಕುದುರೆಯ ಮೇಲೆ ತಿರುಗಿ ಬಿದ್ದ ಮರಗಳನ್ನು ಎಣಿಸತೊಡಗಿದ. 17,000 ಆದಾಗ ಸುಸ್ತಾಗಿ ಬಿಟ್ಟ.

ಬಂದ ಪತ್ರಗಳ ಭಾಷೆಯನ್ನು ಅವನು ಹೆಚ್ಚಾಗಿ ತಿದ್ದಲಿಲ್ಲ. ಶೈಲಿ ಒರಟಾಗಿದ್ದರೂ ಹೇಳುವವನ ಪ್ರಾಮಾಣಿಕತೆ ಅದನ್ನು ತುಂಬಿಕೊಡುತ್ತದೆ ಎಂಬುದು ಅವನ ನಿಲುವು. ಅಂಥ ಪತ್ರಗಳಲ್ಲಿ ಒಂದು 'ಶ್ರೂಸ್‌ಬರಿ' ಎಂಬ ಯುದ್ಧನೌಕೆಯ ನಾವಿಕ ಮೈಲ್ಸ್ ನಾರ್ಕ್ಲಿಫ್ ಬರೆದದ್ದು. ಹಡಗು ಕೆಂಟ್ ತೀರದ ಎದುರಿನ ಸಮುದ್ರದಲ್ಲಿದೆ. ಸುತ್ತಲಿನ ಹಡಗುಗಳು ಕಣ್ಣೆದುರೇ ಮುಳುಗಿವೆ. ಯಾವ ಗಳಿಗೆಯಲ್ಲಿ ತಾವೂ ಮುಳುಗುತ್ತೇವೋ ಗೊತ್ತಿಲ್ಲ. ಹೀಗಿರುವಾಗಲೂ ಅವನ ಕಾಗದ ಶುರುವಾಗುವುದು ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ ಎಂಬ ಅರ್ಥದ ಮಾತಿನಿಂದ. ನಮ್ಮ ಅಜ್ಜಂದಿರ ಉಭಯಕುಶಲೋಪರಿಯೇ ಇದು. ಸಾವು ಪಕ್ಕದಲ್ಲಿ ನಿಂತಿರುವಾಗಲೂ ಅವನ ಕೈ ಮೊದಲು ಎದುರಿನವನ ಕ್ಷೇಮ ಕೇಳಿತು. ಪತ್ರದ ರೂಢಿ ಎಂದು ನಾವು ಹಾರಿಸುವ ಸಾಲಿಗೆ ಎಂಥ ಬೆಲೆಯಿದೆ ಎಂಬುದು ನನಗೆ ತಿಳಿದದ್ದು ಇಲ್ಲಿ.

ಅದೇ ಸಮುದ್ರದಲ್ಲಿ ಗುಡ್ವಿನ್ ಎಂಬ ಮರಳ ದಿಬ್ಬಗಳಿವೆ. ಇಳಿತದ ಹೊತ್ತಿನಲ್ಲಿ ಅವು ನೀರಿನಿಂದ ಮೇಲೇಳುತ್ತವೆ, ಭರತ ಬಂದಾಗ ಮುಳುಗುತ್ತವೆ. ಆ ರಾತ್ರಿ ನೌಕಾಪಡೆಯ ಹಡಗುಗಳು ಅಲ್ಲಿಗೆ ಬಡಿದು ಒಡೆದವು. 'ಮೇರಿ' ಎಂಬ ಹಡಗಿನಲ್ಲಿದ್ದ ಅಡ್ಮಿರಲ್ ಬೋಮಾಂಟ್ ಸೇರಿ ಎಲ್ಲರೂ ಹೋದರು, ಒಬ್ಬನೇ ಒಬ್ಬ ನಾವಿಕ ಉಳಿದ. ಬೆಳಗಾದಾಗ ಎದುರಿನ ಡೀಲ್ ಪಟ್ಟಣದ ದಂಡೆಯಿಂದ ನೋಡಿದವರಿಗೆ ಮರಳಿನ ಮೇಲೆ ಅತ್ತಿಂದಿತ್ತ ಓಡಾಡುತ್ತ ಕೈಬೀಸುವ ಮನುಷ್ಯರು ಕಂಡರು. ಭರತ ಏರಿದರೆ ಅವರ ಕಥೆ ಮುಗಿಯಿತು. ಡಿಫೋನ ಆಪಾದನೆ ಎಂದರೆ, ಡೀಲ್ ಪಟ್ಟಣದ ದೋಣಿಗಾರರು ತೇಲಿಬರುವ ಸಾಮಾನು ಬಾಚುವುದರಲ್ಲಿ ಮಗ್ನರಾಗಿದ್ದರು. ಪಟ್ಟಣದವರಿಗೆ ಈ ಮಾತು ಬಹಳ ಸಿಟ್ಟು ತರಿಸಿತು.

ಆದರೆ ಅದೇ ಪಟ್ಟಣದ ಮೇಯರ್‌ನನ್ನು ಅವನು ಹೊಗಳಿದ್ದಾನೆ. ಈ ಮೇಯರ್ ದೊಡ್ಡ ಜಮೀನುದಾರನಲ್ಲ, ನಾವಿಕರಿಗೆ ಸಿದ್ಧ ಉಡುಪು ಮಾರುವ ಅಂಗಡಿಯವನು. ಮರಳಿನ ಮೇಲೆ ನಿಂತವರು ಅವನ ಅಂಗಡಿಯ ಗಿರಾಕಿಗಳೇ. ಅವನು ಸುಂಕದ ಕಚೇರಿಗೆ ಹೋಗಿ ದೋಣಿ ಕೊಡಿ ಎಂದ. ಅವರು ಒಲ್ಲೆವೆಂದರು. ಆಗ ಜನ ಕಟ್ಟಿಕೊಂಡು ಬಲವಂತವಾಗಿ ದೋಣಿ ಕಿತ್ತುಕೊಂಡ. ಉಳಿಸಿ ತಂದ ಪ್ರತಿಯೊಬ್ಬನಿಗೆ ಇಂತಿಷ್ಟೆಂದು ದೋಣಿಯವರಿಗೆ ತನ್ನ ಕೈಯಿಂದಲೇ 5 ಶಿಲಿಂಗ್ ಇನಾಮು ಗೊತ್ತುಮಾಡಿದ. ಇನ್ನೂರಕ್ಕೂ ಹೆಚ್ಚು ಜನ ದಡ ಸೇರಿದರು. ಗಾಯಗೊಂಡ ನಾವಿಕರನ್ನು ನೋಡಿಕೊಳ್ಳುವುದಕ್ಕೆಂದೇ ಅಲ್ಲಿ ಸರ್ಕಾರದ ಒಬ್ಬ ಪ್ರತಿನಿಧಿ ಇದ್ದ. ಅವನು ಒಂದು ಕಾಸೂ ಬಿಚ್ಚಲಿಲ್ಲ. ಅವರ ಊಟ, ವಸತಿ, ಸತ್ತವರ ಮಣ್ಣಿನ ಖರ್ಚು, ಉಳಿದವರ ದಾರಿ ಖರ್ಚು ಎಲ್ಲ ಮೇಯರನದೇ ಆಯಿತು. ಕ್ಷೇಮ ವಿಚಾರಿಸುವ ಕೆಲಸಕ್ಕೆ ಸಂಬಳ ಪಡೆಯುತ್ತಿದ್ದವನು ಒಬ್ಬ, ವಿಚಾರಿಸಿದವನು ಇನ್ನೊಬ್ಬ.

ವಿಚಾರಿಸಲು ಯಾರಿಗೂ ಸಾಧ್ಯವೇ ಆಗದ ಒಂದು ಜಾಗವೂ ಇತ್ತು. ಪ್ಲಿಮತ್ ಬಂದರಿನಿಂದ 14 ಮೈಲಿ ದೂರ ಸಮುದ್ರದ ನಡುವೆ ಎಡಿಸ್ಟನ್ ಎಂಬ ಬಂಡೆಗಳಿವೆ. ಅಲ್ಲಿ ದೀಪಸ್ತಂಭ ಕಟ್ಟಿದವನು ಹೆನ್ರಿ ವಿನ್‌ಸ್ಟಾನ್ಲಿ. ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತುವುದು ಅವನ ಮೂಲ ಕಸುಬು. ಕೀಲಿ ಯಂತ್ರಗಳ ಮೋಜುಗಾರ, ಲಂಡನ್ನಿನಲ್ಲಿ ನೀರಿನ ಚಮತ್ಕಾರದ ಪ್ರದರ್ಶನ ನಡೆಸುತ್ತಿದ್ದವನು. 1696ರಲ್ಲಿ ಕೆಲಸ ಹಿಡಿದ. ಮರುವರ್ಷ ಫ್ರೆಂಚ್ ಹಡಗೊಂದು ಅವನನ್ನು ಬಂಡೆಯ ಮೇಲಿಂದಲೇ ಹಿಡಿದು ಒಯ್ದಿತು. ದೀಪ ಎಲ್ಲ ದೇಶದ ನಾವಿಕರಿಗೂ ಬೇಕಾದದ್ದು ಎಂದು ಫ್ರಾನ್ಸಿನ ರಾಜ ಹದಿನಾಲ್ಕನೇ ಲೂಯಿ ಅವನನ್ನು ಬಿಟ್ಟು ಕಳಿಸಿದ. 1698ರ ನವೆಂಬರ್ 14ರಂದು ಮೇಣದ ಬತ್ತಿಗಳ ದೀಪ ಮೊದಲ ಸಲ ಉರಿಯಿತು. ಇದು ನಿಲ್ಲುವುದಿಲ್ಲ ಎಂದವರಿಗೆ ಅವನ ಉತ್ತರ ಒಂದೇ ಆಗಿತ್ತಂತೆ: ಆಕಾಶದ ಕೆಳಗಿನ ಅತಿ ದೊಡ್ಡ ಬಿರುಗಾಳಿ ಬೀಸುವಾಗ ನಾನು ಅದರೊಳಗಿರಬೇಕು.

1703ರ ನವೆಂಬರಿನಲ್ಲಿ ದುರಸ್ತಿ ಕೆಲಸವಿತ್ತು. ಕೆಲಸಗಾರರನ್ನು ಕರೆದುಕೊಂಡು ವಿನ್‌ಸ್ಟಾನ್ಲಿ ಬಂಡೆಗೆ ಹೋದ. ಶುಕ್ರವಾರ ರಾತ್ರಿ ಅವನು ಬಯಸಿದ್ದ ಗಾಳಿ ಬಂತು. ಶನಿವಾರ ಬೆಳಗ್ಗೆ ಪ್ಲಿಮತ್‌ನ ಜನ ದಂಡೆಗೆ ಬಂದು ನೋಡಿದರೆ ಸಮುದ್ರದ ಅಂಚಿನಲ್ಲಿ ದೀಪಸ್ತಂಭವಿರಲಿಲ್ಲ. ಬಂಡೆಯಲ್ಲಿ ಕೆಲವು ಕಬ್ಬಿಣದ ಸರಳುಗಳಷ್ಟೇ ಉಳಿದಿದ್ದವು. ಸ್ವಲ್ಪ ದಿನದಲ್ಲೇ ವರ್ಜೀನಿಯಾದಿಂದ ಬರುತ್ತಿದ್ದ 'ವಿಂಚೆಲ್ಸಿ' ಎಂಬ ಹಡಗು ದೀಪವಿಲ್ಲದ ಅದೇ ಬಂಡೆಗೆ ಬಡಿದು ಒಡೆಯಿತು.

ವಿನ್‌ಸ್ಟಾನ್ಲಿಯ ಹೆಸರು ಇತಿಹಾಸದಲ್ಲಿ ಉಳಿಯಿತು. ಅವನ ಹೆಂಡತಿಗೆ ಮುಂದೆ ಸರ್ಕಾರದಿಂದ ಪಿಂಚಣಿ ಬಂತು. ಎಸೆಕ್ಸ್‌ನ ಅವನ ಮನೆಯಲ್ಲಿದ್ದ ದೀಪಸ್ತಂಭದ ಮಾದರಿಯೂ ಅದೇ ರಾತ್ರಿ ಬಿದ್ದು ಒಡೆಯಿತಂತೆ ಎಂಬ ಸುದ್ದಿಯನ್ನು ಕೂಡ ಡಿಫೋ ದಾಖಲಿಸಿದ. ಆದರೆ ಅವನ ಜೊತೆ ಹೋದ ಕೆಲಸಗಾರರ ಹೆಸರು ಆ ಪುಸ್ತಕದಲ್ಲಿಲ್ಲ. ಬಡಗಿ ಯಾರು, ಗಾರೆಯವನು ಯಾರು, ಬತ್ತಿ ಹಚ್ಚುವವನು ಯಾರು? ಒಡೆದ ಆಟಿಕೆಯಂಥ ಮಾದರಿಗೆ ಸಿಕ್ಕ ಜಾಗ ಅವರಿಗೆ ಸಿಗಲಿಲ್ಲ. ಇಷ್ಟೆಲ್ಲ ಕಸುಬುದಾರರ ಕಣ್ಣಿದ್ದ ಡಿಫೋ ಕೂಡ ಕೇಳಲು ಮರೆತ ಪ್ರಶ್ನೆ ಇದು. ಪತ್ರ ಬರೆದವರಲ್ಲಿ ಪಾದ್ರಿಗಳೇ ಹೆಚ್ಚು. ಅವರು ತಮ್ಮ ಕಣ್ಣಿಗೆ ದೊಡ್ಡದೆನಿಸಿದ್ದನ್ನು ಬರೆದರು.

ಲೆಕ್ಕದಲ್ಲೂ ಇದೇ ಆಯಿತು. ನೆಲದ ಮೇಲೆ ಸತ್ತವರು 123 ಎಂದು ಡಿಫೋ ಒಬ್ಬೊಬ್ಬರನ್ನಾಗಿ ಕೂಡಿಸಿ ಹೇಳಿದ. ಅವರಲ್ಲಿ ವೆಲ್ಸ್ ಪಟ್ಟಣದ ಬಿಷಪ್ ರಿಚರ್ಡ್ ಕಿಡ್ಡರ್ ಮತ್ತು ಅವನ ಹೆಂಡತಿ ಮಲಗಿದ್ದಲ್ಲೇ ಚಿಮಣಿ ಬಿದ್ದು ಸತ್ತದ್ದು ಎಲ್ಲರಿಗೂ ಗೊತ್ತು. ಸಮುದ್ರದಲ್ಲಿ ಸತ್ತವರು ಸುಮಾರು 8,000 ಎಂದು ಅಂದಾಜು ಮಾಡಿದ. ನೆಲದವರು ಎಣಿಕೆಗೆ ಸಿಕ್ಕರು, ನೀರಿನವರು ಅಂದಾಜಿಗೆ ಸಿಕ್ಕರು. ಯಾರ ಮನೆಯ ಬಾಗಿಲಿಗೆ ಹೋಗಿ ಕೇಳಬಹುದೋ ಅವರಿಗೆ ಹೆಸರಿರುತ್ತದೆ, ಉಳಿದವರು ಸೊನ್ನೆಗಳಾಗುತ್ತಾರೆ. ಇಂದಿಗೂ ಚಂಡಮಾರುತದ ಮರುದಿನ ಬರುವ ಪಟ್ಟಿಗಳನ್ನು ನೋಡಿದರೆ ಈ ನಿಯಮ ಬಹಳ ಬದಲಾದಂತೆ ಕಾಣುವುದಿಲ್ಲ.

ಹಾಗಾದರೆ ಎಲ್ಲರ ಕ್ಷೇಮ ಕೇಳಿದ ಹೆಂಚಿನವನ ಕ್ಷೇಮವನ್ನು ಯಾರು ಕೇಳಿದರು? ಅವನ ಕಾಲದಲ್ಲಿ ಹೆಚ್ಚಾಗಿ ಸಾಲಗಾರರೇ ಬಾಗಿಲು ತಟ್ಟುತ್ತಿದ್ದರು. ಟಿಲ್ಬರಿಯ ಗೂಡು ಮತ್ತೆ ಹೊತ್ತಲಿಲ್ಲ. ಅವನು ಪೂರ್ತಿ ಬರವಣಿಗೆಗೆ ಇಳಿದ. ಮಣ್ಣಿನ ಕಸುಬು ಮಾತ್ರ ಅವನನ್ನು ಬಿಡಲಿಲ್ಲ. ದ್ವೀಪದಲ್ಲಿ ಒಂಟಿಯಾದ ಕ್ರೂಸೋ ಜೇಡಿಮಣ್ಣು ಕಲಸಿ, ಮಡಕೆ ಬಿರಿದು, ಕುಸಿದು, ಕೊನೆಗೆ ಬೆಂಕಿಯಲ್ಲಿ ಗಟ್ಟಿಯಾದ ಒಂದು ಪಾತ್ರೆ ಕಂಡು ಹಿಗ್ಗುವ ಪುಟಗಳನ್ನು ಓದಿದವರು ನೆನಪಿಸಿಕೊಳ್ಳಲಿ. ಗೂಡಿನ ಮುಂದೆ ನಿಂತು ಕಾದವನಿಗಷ್ಟೇ ಆ ಹಿಗ್ಗು ಗೊತ್ತು.

ಅವನು ತೀರಿಕೊಂಡು ಶತಮಾನ ದಾಟಿದ ಮೇಲೆ, 1860ರಲ್ಲಿ, ಟಿಲ್ಬರಿಯಲ್ಲಿ ರೈಲು ಹಳಿಗಾಗಿ ನೆಲ ತೋಡುತ್ತಿದ್ದರು. ಹಳೆಯ ಇಟ್ಟಿಗೆ, ಹೆಂಚು, ಮಣ್ಣಿನ ಚಿಲುಮೆಗಳು ಸಿಕ್ಕವು. ಡಿಫೋನ ಜೀವನಚರಿತ್ರೆಗಾಗಿ ಓಡಾಡುತ್ತಿದ್ದ ವಿಲಿಯಂ ಲೀ ಅಲ್ಲಿಗೆ ಹೋದ. ತೋಡುವ ಕೂಲಿಯವರಿಗೆ ಅವು ಬರೀ ಚೂರುಗಳಾಗಿದ್ದವು. ಇವನ್ನು ಸುಡಿಸಿದವನು ರಾಬಿನ್‌ಸನ್ ಕ್ರೂಸೋ ಬರೆದವನೇ ಎಂದು ಲೀ ಹೇಳಿದಾಗ ಅವರೆಲ್ಲರ ಕಣ್ಣು ಅರಳಿದವು, ಎಲ್ಲರೂ ಒಟ್ಟಿಗೆ ಅವನ ವಿಷಯ ಕೇಳತೊಡಗಿದರು ಎಂದು ಲೀ ಬರೆದಿದ್ದಾನೆ.

ಕೈಯಲ್ಲಿ ಗುದ್ದಲಿ ಹಿಡಿದವರು ಮಣ್ಣಿನಲ್ಲಿ ನಿಂತು ಒಬ್ಬ ಹೆಂಚಿನವನ ಸಮಾಚಾರ ವಿಚಾರಿಸಿದರು. ಕ್ಷೇಮಸಮಾಚಾರದ ಕಾಗದಕ್ಕೆ ಉತ್ತರ ಬರುವುದು ಕೆಲವೊಮ್ಮೆ ಇಷ್ಟು ತಡವಾಗುತ್ತದೆ. ಎಡಿಸ್ಟನ್ ಬಂಡೆಯ ಮೇಲಿದ್ದ ಬಡಗಿಯ ಕಾಗದಕ್ಕೆ ಉತ್ತರ ಇನ್ನೂ ಬಂದಿಲ್ಲ.